ಬೆನ್ನಿಗೆ ಬಿದ್ದ ಎರಡು ಏಟು

ಕೈ ತಾನಾಗಿಯೇ ಎದ್ದಿರಬಹುದೇ? ಮನಸ್ಸಿಗೆ ತಿಳಿಸದೆ ಕೈ ಮಾಡಿ ಮುಗಿಸುವ ಕೆಲಸಗಳು ಎಷ್ಟಿಲ್ಲ. ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಬಂದು ನೋಡಿದರೆ ಹಾಕಿಯೇ ಇರುತ್ತದೆ. ಇದೂ ಹಾಗೆಯೇ ಆಗಿರಬಹುದಲ್ಲ ಎಂದು ಅವನು ಮಹಡಿಯ ಕೋಣೆಯಲ್ಲಿ ಮಂಚದ ಅಂಚಿಗೆ ಕುಳಿತು, ಒದ್ದೆ ಕಾಲುಚೀಲ ಒಂದನ್ನು ಕಳಚಿ ಇನ್ನೊಂದನ್ನು ಮರೆತು, ಯೋಚಿಸುತ್ತಿದ್ದ. ಕೆಳಮನೆಯ ಕಬ್ಬಿಣದ ಒಲೆಯಿಂದ ಎದ್ದ ಹೊಗೆಕೊಳವೆ ಈ ಕೋಣೆಯ ನೆಲವನ್ನು ತೂರಿ ಬಂದು ಸೂರಿನಾಚೆ ಹೋಗುತ್ತದೆ. ಮಹಡಿಗೆ ದಕ್ಕುವ ಬೆಚ್ಚನೆಯೆಂದರೆ ಆ ಕೊಳವೆಯ ಮೈಬಿಸಿ, ಅಷ್ಟೇ. ಕೊಳವೆಯ ಸುತ್ತ ಬಿಟ್ಟ ಸಂದಿಯಿಂದ ಬಿಸಿಯ ಜೊತೆ ಕೆಳಗಿನವರ ಮಾತೂ ಮೇಲೆ ಬರುತ್ತದೆ. ಈಗ ಬರುತ್ತಿದ್ದುದು ಭಾವನ ಧ್ವನಿ. ಭಾವ ಎಂದರೆ ಹೆಂಡತಿಯ ಅಣ್ಣ, ಈ ಮನೆಯ ಯಜಮಾನ. ಪಕ್ಕದ ಮನೆಯವರು ಬಂದಿದ್ದರು. ಮಧ್ಯಾಹ್ನದಿಂದ ಯಾರು ಬಂದರೂ ಅದೇ ಕಥೆ. "ಎರಡೇ ಏಟು ಸ್ವಾಮಿ! ಟಪ್, ಟಪ್. ಮಷೀನು ಬಿಸಾಕಿ ಹಾರಿದೆ. ತಿರುಗಿ ನೋಡ್ತೀನಿ, ನಾನು ನಿಂತಿದ್ದ ಜಾಗದಲ್ಲಿ ನನ್ನ ತೊಡೆ ಗಾತ್ರದ ಕೊಂಬೆ! ಮೇಲಿದಾನಲ್ಲ ನಮ್ಮ ಪ್ರೂಫು, ಅವನು ಒಂದು ಉಸಿರು ತಡ ಮಾಡಿದ್ರೆ ಈಗ ನೀವು ಕಾಫಿ ಕುಡಿಯೋಕೆ ಬರ್ತಿರಲಿಲ್ಲ, ಹೆಣ ನೋಡೋಕೆ ಬರ್ತಿದ್ರಿ." ಅಕ್ಕ, ಅಂದರೆ ಭಾವನ ಹೆಂಡತಿ, "ಥೂ, ಬಿಡ್ತು ಅನ್ನಿ" ಎಂದಳು. "ಬಿಡ್ತು, ಬಿಡ್ತು. ನಂಬಿಕೆ ಇಲ್ವಾ? ಅಂಗಿ ಎತ್ತಿ ತೋರಿಸ್ಲಾ? ಬರೆ ಬಿದ್ದಿದೆ. ಹಿಡಿದಿರೋದು ಪೆನ್ಸಿಲ್ಲೇ ಆದ್ರೂ ಎಂಥ ಕೈ ಅಂತೀರಿ!" ಎಲ್ಲರೂ ನಕ್ಕರು. ಬರೆ ಬಿದ್ದಿರುವುದು ನಿಜವಾದರೆ ಹೊಡೆದವರೊಬ್ಬರು ಇರಬೇಕಲ್ಲ ಎಂದು ಅವನಿಗೂ ಒಂದು ಕ್ಷಣ ಅನ್ನಿಸಿತು.

ಚಳಿ ಶುರುವಾಗುವ ಮೊದಲು ಊರಾಚೆಯ ತೋಪಿನಲ್ಲಿ ಮನೆಮನೆಗೆ ಮರಗಳನ್ನು ಗುರುತು ಹಾಕಿ ಕೊಡುತ್ತಾರೆ. ಕಾಂಡಕ್ಕೆ ಕೆಂಪು ಬಣ್ಣದ ಪಟ್ಟೆ ಬಳಿದಿರುವುದನ್ನು ಅವರವರೇ ಕೆಡವಿ, ತುಂಡು ಮಾಡಿ, ಸೀಳಿ ತಂದುಕೊಳ್ಳಬೇಕು. ಅವನ ಪಾಲಿನ ಕೆಲಸ ಕೋಲು ಹಿಡಿಯುವುದು. ಚೈನ್ ಗರಗಸ ಗುಡುಗತೊಡಗಿತೆಂದರೆ ಹಿಡಿದವನಿಗೆ ಬೇರೇನೂ ಕೇಳಿಸುವುದಿಲ್ಲ. ಅದರ ಮೇಲೆ ಕಿವಿಗೆ ದಪ್ಪ ಮುಚ್ಚಳ, ಕಣ್ಣೆಲ್ಲ ಮರದ ಬುಡದಲ್ಲಿ. ಆದ್ದರಿಂದ ಮರದ ತಲೆಯನ್ನು ಅವನ ಪರವಾಗಿ ಇನ್ನೊಬ್ಬ ನೋಡಬೇಕು. ನೋಡುವವನು ಹಿಂದೆ ಒಂದು ಉದ್ದ ಗಳುವಿನಷ್ಟು ದೂರದಲ್ಲಿ ನಿಂತಿರುತ್ತಾನೆ. ಆ ಗಳುವಿನಿಂದ ಬೆನ್ನಿಗೆ ಒಂದು ಏಟು ಹಾಕಿದರೆ ನಿಲ್ಲಿಸು ಎಂದು ಅರ್ಥ. ಎರಡು ಹಾಕಿದರೆ ಮಷೀನು ಅಲ್ಲೇ ಬಿಟ್ಟು ಓಡು. ಓಡಲು ಪೊದೆ ಸವರಿ ಮೊದಲೇ ಓರೆಯಾಗಿ ದಾರಿ ಮಾಡಿಟ್ಟಿರುತ್ತಾರೆ. ಯಾಕೆ ಏನು ಎಂದು ತಿರುಗಿ ನೋಡುವ ಹಾಗಿಲ್ಲ, ಏಟಿಗೆ ಪ್ರಶ್ನೆಯಿಲ್ಲ. "ಓದಿದವರಿಗೆ ಹೇಳಿ ಮಾಡಿಸಿದ ಕೆಲಸ ಕಣಯ್ಯ ಇದು, ನಿಂತು ನೋಡೋದು" ಎಂದು ಮದುವೆಯಾದ ಹೊಸತರಲ್ಲಿ ಭಾವ ಗಳುವನ್ನು ಕೈಗೆ ಕೊಟ್ಟಿದ್ದ. ಅಚ್ಚುಕೂಟದಲ್ಲಿ ಕರಡು ತಿದ್ದುವ ಅವನಿಗೆ 'ಪ್ರೂಫು' ಎಂಬ ಹೆಸರು ಬಿದ್ದದ್ದೂ ಅದೇ ದಿನ. ಮೇಲಿನ ಮಹಡಿ ಖಾಲಿ ಇದೆ, ಬಾಡಿಗೆ ಮನೆ ಯಾಕೆ ಎಂದು ಭಾವ ಒತ್ತಾಯ ಮಾಡಿ ಕರೆದು ತಂದಿದ್ದು ನಿಜ. ಒತ್ತಾಯಕ್ಕೆ ಬಂದವನು ಎಂಬುದು ಎಲ್ಲರಿಗೂ ಮರೆತು ಮನೆ ಅಳಿಯ ಎಂಬುದಷ್ಟೇ ನೆನಪಿನಲ್ಲಿ ಉಳಿದಿತ್ತು. ಅತ್ತೆ ಅವನ ಎದುರಿಗೇ ಮಗಳ ಹತ್ತಿರ, "ಅವರಿಗೆ ಇನ್ನೊಂದು ಲೋಟ ಬೇಕಾ ಕೇಳು" ಎನ್ನುತ್ತಿದ್ದಳು. ಬೇಡ ಎಂದು ಅವನು ಹೆಂಡತಿಯ ಕಡೆ ನೋಡಿ ಹೇಳುತ್ತಿದ್ದ.

ಈ ಬೆಳಗ್ಗೆ ತೋಪಿನಲ್ಲಿ ಮೊದಲ ಮರದಲ್ಲೇ ಅವನು ಭಾವನ ಬೆನ್ನಿಗೆ ಒಂದು ಏಟು ಹಾಕಿದ್ದ. ಮೇಲೆ ಏನೋ ಕಪ್ಪಗೆ ಸರಿದಂತಾಗಿತ್ತು. ಭಾವ ಮಷೀನು ನಿಲ್ಲಿಸಿ, ಕಿವಿಮುಚ್ಚಳ ಕೆಳಗಿಳಿಸಿ, ತಲೆಯೆತ್ತಿ ನೋಡಿದರೆ ಒಂದು ಹಕ್ಕಿ ಕೊಂಬೆಯಿಂದ ಕೊಂಬೆಗೆ ಹೋಗಿ ಕೂತಿತು. ಸೌದೆ ಸಾಗಿಸಲು ಬಂದಿದ್ದ ಟ್ರ್ಯಾಕ್ಟರಿನವನು ಗಾಡಿಯ ಮೇಲೆ ಕುಳಿತೇ, "ಅಣ್ಣಾ, ಬೇಗ ಓಡಿ, ಮೊಟ್ಟೆ ಇಟ್ರೆ ಏನ್ ಗತಿ?" ಎಂದ. ನಿಂತ ಮಷೀನು ಮತ್ತೆ ಹೊತ್ತಿಕೊಳ್ಳಲು ಮೊಂಡು ಹಿಡಿಯಿತು. ಭಾವ ಮಷೀನಿನ ಹಗ್ಗ ಎಳೆದು ಎಳೆದು ಬೆವರಿ, "ಹಗ್ಗ ಕಂಡ್ರೆ ಹಾವು ಅನ್ನೋರನ್ನ ನೋಡಿದೀನಿ, ನೀನು ದಾರ ಕಂಡ್ರೂ ಹಾವು ಅಂತೀಯಲ್ಲೋ" ಎಂದಿದ್ದ. ಅದರಲ್ಲಿ ಸಿಟ್ಟೇನೂ ಇರಲಿಲ್ಲ. ಸಿಟ್ಟು ಇದ್ದಿದ್ದರೆ ಮರೆಯುವುದು ಸುಲಭವಾಗುತ್ತಿತ್ತು. ಆಮೇಲಿನ ಮರದಲ್ಲಿ, ಎರಡು ಕವಲುಗಳ ನಡುವೆ ಮುರಿದು ಸಿಕ್ಕಿಕೊಂಡಿದ್ದ ಒಣ ಕೊಂಬೆಯನ್ನು ಅವನು ನೋಡಿದ. ಮಷೀನಿನ ನಡುಕ ಕಾಂಡದಲ್ಲಿ ಹತ್ತಿ ಹೋಗಿ ಆ ಕೊಂಬೆಯ ತುದಿಯಲ್ಲಿ ಅಲುಗುತ್ತಿತ್ತು. ಚೆನ್ನಾಗಿ ನೋಡಿದ. ಕರಡಿನಲ್ಲಿ ತಪ್ಪಿದ ಅಕ್ಷರ ಕಣ್ಣಿಗೆ ಬಿದ್ದ ಮೇಲೂ ಮೂಲ ಪ್ರತಿಯಲ್ಲಿ ಹೇಗಿದೆಯೋ ನೋಡೋಣ ಎಂದು ಕಾಯುವುದು ಅವನ ಅಭ್ಯಾಸ. ಬೀಳುತ್ತದೆ ಎಂದು ಗೊತ್ತಾದ ಮೇಲೆ ಹೊಡೆದರಾಯಿತು, ಈಗ ಹೊಡೆದು ಅದು ಬೀಳದಿದ್ದರೆ? ಟ್ರ್ಯಾಕ್ಟರಿನವನ ನಗು ಇನ್ನೂ ಬರುವ ಮೊದಲೇ ಕಿವಿಯಲ್ಲಿ ಕೇಳಿಸಿತು. ಅಷ್ಟರಲ್ಲಿ ಎರಡು ತುಂಡು ಒಣ ತೊಗಟೆ ಕಳಚಿ ಬಂದು, ಒಂದರ ಹಿಂದೆ ಒಂದು, ಭಾವನ ಬೆನ್ನಿಗೆ ಬಡಿದವು. ಭಾವ ಹಾರಿದ. ಕೊಂಬೆ ಬಂದು ಮಷೀನಿನ ಹಿಡಿಯನ್ನು ಮುರಿದು ನೆಲಕ್ಕೆ ಕಚ್ಚಿಕೊಂಡಿತು. ಬೀಡಿ ಹಚ್ಚುತ್ತಿದ್ದ ಟ್ರ್ಯಾಕ್ಟರಿನವನು ಸದ್ದಿಗೆ ಆಗಷ್ಟೇ ತಲೆಯೆತ್ತಿದ. ಭಾವ ಎದ್ದು ಬಂದು ಅವನನ್ನು ಬಿಗಿಯಾಗಿ ಅಪ್ಪಿಕೊಂಡ. ಇಲ್ಲ, ಕೈ ತಾನಾಗಿ ಏನನ್ನೂ ಮಾಡಿರಲಿಲ್ಲ. ಗಳುವಿನ ತುದಿ ಹಸಿ ಮಣ್ಣಿನಲ್ಲಿ ಹೂತಿತ್ತು, ಅದರ ಮೇಲೆ ಎರಡೂ ಕೈ, ಕೈಗಳ ಮೇಲೆ ಗದ್ದ. ಭಾವ ಅಪ್ಪುಗೆ ಸಡಿಲಿಸಿದ ಮೇಲೆ ಅವನು ಅದನ್ನು ಕಿತ್ತು ತೆಗೆದಿದ್ದ. ಕೀಳಲು ಸ್ವಲ್ಪ ಬಲ ಹಾಕಬೇಕಾಗಿ ಬಂದಿತ್ತು.

"ಕೆಳಗೆ ಬರಬೇಕಂತೆ" ಎಂದು ಹೆಂಡತಿ ಬಾಗಿಲಲ್ಲಿ ನಿಂತಳು. "ಇದೇನ್ರಿ, ಒಂದು ಕಾಲಿಗೆ ಹಾಕ್ಕೊಂಡು ಒಂದು ಕಾಲಿಗೆ ಬಿಟ್ಟು?" ತಾನೇ ಕೂತು ಇನ್ನೊಂದು ಕಾಲುಚೀಲ ಎಳೆದು ತೆಗೆದು, ಕೊಳವೆಯ ಪಕ್ಕದ ತಂತಿಗೆ ಹರಡಿದಳು. ಅವಳ ಮುಖದಲ್ಲಿ ಅವನು ಬಹಳ ದಿನದಿಂದ ನೋಡದೇ ಇದ್ದ ಒಂದು ಸಡಿಲಿಕೆ ಇತ್ತು. ಇಷ್ಟು ಕಾಲ ತವರಿನಲ್ಲಿ ಗಂಡನ ಪರವಾಗಿ ನಿಂತು ನಿಂತು ಬಿಗಿದುಕೊಂಡಿದ್ದ ಭುಜಗಳು ಇಳಿದಿದ್ದವು. ಕೆಳಗೆ ಒಲೆಯ ಹತ್ತಿರದ ಕುರ್ಚಿಯಲ್ಲಿ ಭಾವ ಕುಳಿತಿರಲಿಲ್ಲ. ಆ ಕುರ್ಚಿಯಲ್ಲಿ ಭಾವನನ್ನು ಬಿಟ್ಟು ಬೇರೆಯವರು ಕೂತಿದ್ದನ್ನು ಅವನು ನೋಡಿಯೇ ಇರಲಿಲ್ಲ. "ಬಾರಪ್ಪ, ಇಲ್ಲಿ ಬೆಚ್ಚಗೆ ಕೂತ್ಕೋ" ಎಂದಳು ಅತ್ತೆ. ನೇರವಾಗಿ ಅವನ ಮುಖ ನೋಡಿಯೇ ಅಂದಳು. ಅವನಿಗೆ ಉತ್ತರ ಕೊಡಲು ಹೆಂಡತಿಯ ಕಡೆ ನೋಡಿ ಅಭ್ಯಾಸ, ಈಗಲೂ ಅತ್ತ ತಿರುಗಿದ. ಅವಳು ನಗುತ್ತಿದ್ದಳು. ಕುಳಿತ. ಒಲೆಯ ಬಿಸಿ ಮೊಣಕಾಲಿಗೆ ಸುಡುವಷ್ಟು ಬಂತು. ಇದು ಇಷ್ಟು ಬಿಸಿಯೇ, ಇವರು ದಿನವೂ ಇಷ್ಟು ಬಿಸಿಯಲ್ಲಿ ಇರುತ್ತಿದ್ದರೇ ಎಂದು ಯೋಚನೆ ಬಂದು, ಇಂಥ ಹೊತ್ತಿನಲ್ಲಿ ಇದೆಂಥ ಯೋಚನೆ ಎಂದು ನಾಚಿಕೆಯೂ ಆಯಿತು. ಈಗ ಹೇಳಿಬಿಡಬೇಕು. ಭಾವ, ನಾನು ಹೊಡೆಯಲಿಲ್ಲ, ಬಿದ್ದದ್ದು ತೊಗಟೆ. ನಾಲ್ಕೈದು ಮಾತು, ಅಷ್ಟೇ. ಅತ್ತೆ ಅವನ ಕೈಗೆ ಬಿಸಿ ಲೋಟ ಕೊಟ್ಟಳು.

"ನಾಳೆ ಆ ಬೋಳು ಮರ ಮುಗಿಸಿಬಿಡೋಣ" ಎಂದ ಭಾವ. ಬೋಳು ಮರ ಅವರ ಪಾಲಿನ ಕೊನೆಯ ಮರ. ನಿಂತಲ್ಲೇ ಸತ್ತು, ತೊಗಟೆ ಕಳಚಿ ಬೆಳ್ಳಗೆ ನಿಂತಿತ್ತು. ಒಣಗಿದ ಮರವಾದ್ದರಿಂದ ತಂದ ದಿನವೇ ಒಲೆಗೆ ಹಾಕಬಹುದು. ಉಳಿದದ್ದೆಲ್ಲ ಹಸಿ ಸೌದೆ, ಹೊಗೆಯೇ ಹೆಚ್ಚು. ಆದರೆ ತೋಪಿನ ಮೇಸ್ತ್ರಿ ಅದಕ್ಕೆ ಬಣ್ಣ ಬಳಿಯುವಾಗಲೇ ಹೇಳಿದ್ದ, ಸತ್ತ ಮರ ಎಲ್ಲಿ ಮುರಿಯುತ್ತದೆಂದು ಅದಕ್ಕೇ ಗೊತ್ತಿರುವುದಿಲ್ಲ, ಬುಡದಲ್ಲಿ ನಿಂತು ಕೊಯ್ಯಬೇಡಿ, ನಾನು ಬಂದು ಕೇಬಲ್ ಹಾಕಿ ದೂರದಿಂದ ಎಳೆಸುತ್ತೇನೆ ಎಂದು. ಅಕ್ಕ ಅದನ್ನೇ ನೆನಪಿಸಿದಳು. "ಅವನು ಯಾವಾಗ ಬರೋದು? ನಾವೆಲ್ಲ ಹೆಪ್ಪುಗಟ್ಟಿದ ಮೇಲಾ?" ಎಂದ ಭಾವ. "ಬೇಡ ಅಂದಾಗ ನೀವೂ ಹೂಂ ಅಂದಿದ್ರಿ." "ಆಗ ಇವನ ಕಣ್ಣು ಎಂಥದ್ದು ಅಂತ ನನಗೆ ಗೊತ್ತಿರಲಿಲ್ಲ ಕಣೇ." ಭಾವ ಅವನ ಹೆಗಲಿಗೆ ಕೈ ಹಾಕಿ ಅಲ್ಲಾಡಿಸಿದ. ಲೋಟದಿಂದ ಒಂದಿಷ್ಟು ತುಳುಕಿ ಪ್ಯಾಂಟಿನ ಮೇಲೆ ಬಿತ್ತು. "ನನ್ನ ಬೆನ್ನಿಗೆ ಇವನಿರೋವಾಗ ಯಾವ ಮರ ಏನು ಮಾಡುತ್ತೆ?"

ಮೆಟ್ಟಿಲು ಹತ್ತುವಾಗ ಅಕ್ಕ ಹಿಂದೆಯೇ ಬಂದು, ಒಣಗಿದ ಬಟ್ಟೆಗಳ ಮಡಿಕೆಯೊಂದನ್ನು ನೆಪಕ್ಕೆ ಅವನ ಕೈಗಿಟ್ಟು, ದನಿ ತಗ್ಗಿಸಿದಳು. "ಇವರು ನನ್ನ ಮಾತು ಕೇಳಲ್ಲ, ನಿಮಗೆ ಗೊತ್ತಲ್ಲ. ನೀವಿದೀರಿ ಅನ್ನೋ ಧೈರ್ಯದ ಮೇಲೆ ಕಳಿಸ್ತಿದೀನಿ." ಅವನು ಹೂಂ ಎಂದ. ಹೂಂ ಎಂಬುದು ಎಷ್ಟು ಸಣ್ಣ ಶಬ್ದ, ಬಾಯಿ ತೆರೆಯದೆಯೇ ಆಡಬಹುದು. ಕೋಣೆಯಲ್ಲಿ ಹೆಂಡತಿ ಹಾಸಿಗೆ ಸರಿಮಾಡುತ್ತ, "ಅಮ್ಮ ಬಾರಪ್ಪ ಅಂದಳಲ್ಲ, ಕೇಳಿಸ್ಕೊಂಡ್ರಾ?" ಎಂದು ಕೇಳಿದಳು. ಕೇಳಿಸಿಕೊಂಡೆ ಎಂದ. "ನನಗೆ ಅಳು ಬಂದ್ಹಾಗಾಯ್ತು. ಯಾವತ್ತಾದ್ರೂ ಒಂದು ದಿನ ಅಂತಾಳೆ ಅಂದ್ಕೊಂಡಿದ್ದೆ." ಅವನು ಅವಳಿಗೆ ಹೇಳಬೇಕೆಂದು ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಿ, ತಿದ್ದಿ, ಮತ್ತೆ ಜೋಡಿಸಿದ. ಹೇಳಿದರೆ ಇವಳಿಂದ ಕಸಿದುಕೊಳ್ಳುವುದು ಏನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೇಳದಿದ್ದರೆ ನಾಳೆ ಭಾವ ಆ ಮರದ ಕೆಳಗೆ ಇಲ್ಲದ ಏಟೊಂದನ್ನು ನಂಬಿ ನಿಲ್ಲುತ್ತಾನೆ ಎಂಬುದೂ ಗೊತ್ತಿತ್ತು. ಎರಡೂ ಸ್ಪಷ್ಟವಾಗಿದ್ದವು, ಇದರಲ್ಲಿ ಗೊಂದಲವೇನೂ ಇರಲಿಲ್ಲ. ಆದರೂ ಅವನು, "ನಾಳೆ ದಪ್ಪ ಸ್ವೆಟರ್ ಹಾಕ್ಕೋಬೇಕು" ಎಂದ.

ಮರುದಿನ ಭಾವ ತನ್ನ ಟೈರ್ ಅಂಗಡಿಯಲ್ಲಿ ಮಷೀನಿನ ಹಿಡಿಗೆ ಹೊಸ ಬೋಲ್ಟ್ ಬಿಗಿಸಿಕೊಂಡು ಹೊರಟ. ಭಾವನ ಗಾಡಿಯಲ್ಲಿ ಹೀಟರ್ ಕೆಟ್ಟಿತ್ತು, ಗಾಜಿನ ಮೇಲಿನ ಮಂಜನ್ನು ಪಕ್ಕದಲ್ಲಿ ಕುಳಿತ ಅವನು ಚಿಂದಿ ಬಟ್ಟೆಯಿಂದ ಒರೆಸುತ್ತಿದ್ದ. ಒರೆಸುವ ಕೆಲಸವಿದ್ದಾಗ ಮುಖ ನೋಡದೆ ಮಾತಾಡಬಹುದು. "ಭಾವ, ಆ ಮರ ಬೇಡ." "ಯಾಕೆ?" "ಮೇಸ್ತ್ರಿ ಬರಲಿ." "ನಿಮ್ಮಕ್ಕ ಹೇಳಿಕೊಟ್ಟು ಕಳಿಸಿದಾಳಾ?" "ಅಲ್ಲ. ನಿನ್ನೆ..." "ನಿನ್ನೆ ಏನು?" ಭಾವ ಅವನ ಕಡೆ ತಿರುಗಿದ. ಆ ಮುಖದಲ್ಲಿ ಪ್ರೀತಿ ಇತ್ತು. ಸುಮ್ಮನೆ ಕೊಟ್ಟ ಪ್ರೀತಿ, ವಾಪಸು ಕೊಡಲು ವಿಳಾಸವಿಲ್ಲ. "ನಿನ್ನೆಯಿಂದ ಭುಜ ನೋವು" ಎಂದ. ಭಾವ ಗಟ್ಟಿಯಾಗಿ ನಕ್ಕ. "ನನಗೆ ಹೊಡೆದು ನಿನಗೆ ನೋವಾ? ಇದು ಚೆನ್ನಾಗಿದೆ!"

ಬೋಳು ಮರದ ಬುಡದಲ್ಲಿ ಹುಲ್ಲು ಬೆಳೆದಿರಲಿಲ್ಲ. ಭಾವ ಸುತ್ತು ಹಾಕಿ, ಕೊಡಲಿಯ ಹಿಂಬದಿಯಿಂದ ಕಾಂಡವನ್ನು ತಟ್ಟಿ ಕೇಳಿ, "ಗಟ್ಟಿ ಇದೆ" ಎಂದ. ಓಡುವ ದಾರಿಯ ಪೊದೆ ಸವರಿದರು. ಬೀಳಬೇಕಾದ ದಿಕ್ಕಿಗೆ ಬಾಯಿ ತೆರೆದಂತೆ ಮೊದಲು ಒಂದು ಕಚ್ಚು ಹಾಕಬೇಕು, ಆಮೇಲೆ ಹಿಂಬದಿಯಿಂದ ಕೊಯ್ಯಬೇಕು. ಕಚ್ಚು ಹಾಕಿದ್ದಾಯಿತು. ಹೊಟ್ಟು ಹಿಟ್ಟಿನಷ್ಟು ನುಣ್ಣಗೆ ಹಾರಿ ಭಾವನ ತೋಳಿಗೆ ಮೆತ್ತಿಕೊಂಡಿತು. ಭಾವ ಹಿಂಬದಿಗೆ ಬಂದು ಮಷೀನು ಎತ್ತುವ ಮುನ್ನ ಒಮ್ಮೆ ಅವನನ್ನು ನೋಡಿ ಹೆಬ್ಬೆರಳು ತೋರಿಸಿ ಕಿವಿ ಮುಚ್ಚಿಕೊಂಡ. ಅವನು ಮೇಲೆ ನೋಡಿದ. ಮೇಲೆ ಬಿಳಿ ಆಕಾಶ, ಅದರಲ್ಲಿ ಬಿಳಿ ಕೊಂಬೆ. ಎಲ್ಲಿ ಮರ ಮುಗಿದು ಎಲ್ಲಿ ಆಕಾಶ ಶುರುವಾಗುತ್ತದೆ ಎಂದೇ ತಿಳಿಯದು. ಎಲ್ಲವೂ ಅಲುಗುತ್ತಿರುವಂತೆಯೂ ಕಂಡಿತು, ಯಾವುದೂ ಅಲುಗದೆ ತನ್ನ ಕಣ್ಣಷ್ಟೇ ಅಲುಗುತ್ತಿರುವಂತೆಯೂ ಕಂಡಿತು. ಮಷೀನಿನ ಹಲ್ಲು ಹಿಂಬದಿಗೆ ತಾಕಿದ ಕ್ಷಣವೇ ಅವನು ಗಳು ಎತ್ತಿ ಎರಡು ಏಟು ಹಾಕಿದ.

ಭಾವ ಮಷೀನು ಬಿಟ್ಟು ಓಡಿದ. ಪೊದೆಗಳಾಚೆ ನಿಂತು ತಿರುಗಿದ. ಮರ ನಿಂತೇ ಇತ್ತು. ಒಂದು ಕಡ್ಡಿಯೂ ಬೀಳಲಿಲ್ಲ. "ಏನಾಯ್ತು?" "ಮೇಲೆ ಅಲ್ಲಾಡ್ತು." "ಎಲ್ಲಿ?" ಅವನು ಸುಮ್ಮನೆ ಮೇಲಕ್ಕೆ ಕೈ ತೋರಿಸಿದ. ಭಾವ ಬಹಳ ಹೊತ್ತು ನೋಡಿ, "ಸರಿ, ಅನುಮಾನ ಬಂದ್ರೆ ಹೊಡೀಬೇಕು, ತಪ್ಪಿಲ್ಲ" ಎಂದು ಮತ್ತೆ ಹಗ್ಗ ಎಳೆದ. ಮೊದಲನೆಯದು ಭಯಕ್ಕೆ ಹೊಡೆದದ್ದು ಎಂದು ಅವನು ತನಗೇ ಹೇಳಿಕೊಳ್ಳಬಹುದಿತ್ತು. ಎರಡನೆಯ ಸಲಕ್ಕೆ ಹಾಗೆ ಹೇಳಿಕೊಳ್ಳಲು ಬರುವಂತಿರಲಿಲ್ಲ. ಮರ ಅಲುಗಿರಲಿಲ್ಲ ಎಂದು ತಿಳಿದೇ ಹೊಡೆದ. ಭಾವ ಓಡಿದ, ಈ ಸಲ ಸ್ವಲ್ಪ ದೂರ ಮಾತ್ರ. ಟ್ರ್ಯಾಕ್ಟರಿನವನು ಬೀಡಿ ಕೆಳಗಿಟ್ಟು, "ಅಣ್ಣನಿಗೆ ಬೆಳಗ್ಗೆ ಬೆಳಗ್ಗೆ ಒಳ್ಳೆ ಕವಾಯತು" ಎಂದ. ಮೂರನೆಯ ಸಲ ಭಾವ ಓಡಲಿಲ್ಲ. ಮಷೀನು ನಿಲ್ಲಿಸಿ, ನಿಂತಲ್ಲೇ ನಿಧಾನವಾಗಿ ತಿರುಗಿದ. ಅವನು ಗಳು ಎತ್ತಿಕೊಂಡೇ ಇದ್ದ.

"ನಿನಗೇನಾಗಿದೆಯೋ?"

"ನನಗೆ ನೋಡೋಕಾಗಲ್ಲ ಭಾವ."

"ನೋಡೋಕಾಗದೇ ಇರೋದು ಏನಿದೆ ಇದರಲ್ಲಿ? ಮರ!"

"ನೀವು ಕೊಯ್ದ್ರೆ ನಾನು ಹೊಡೀತಾನೇ ಇರ್ತೀನಿ."

ಭಾವ ಹೆಲ್ಮೆಟ್ ತೆಗೆದ. ಬೆವರಿಗೆ ಕೂದಲು ಹಣೆಗೆ ಅಂಟಿತ್ತು. "ಹೆದರುಪುಕ್ಕಲ" ಎಂದ, ಈ ಬಾರಿ ತಮಾಷೆಯಾಗಿ ಅಲ್ಲ. ಟ್ರ್ಯಾಕ್ಟರಿನವನ ಕಡೆ ತಿರುಗಿ, "ನೀನಾದ್ರೂ ಬಾರಯ್ಯ, ಗಳು ಹಿಡಿ" ಎಂದ. "ಅಯ್ಯೋ, ನನ್ನನ್ನ ಬಿಟ್ಬಿಡಿ ಅಣ್ಣ. ಕೊಂಬೆ ಬಿದ್ರೆ ನಾನು ನಿಮಗಿಂತ ಮುಂಚೆ ಓಡೋನು." ಹಿಂದೆ ಯಾರೂ ಇಲ್ಲದೆ ಭಾವ ಕೊಯ್ಯುವವನಲ್ಲ, ಅಷ್ಟು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಆಡಿದ್ದ. ಕಚ್ಚು ಹಾಕಿದ ಮರವನ್ನು ಹಾಗೇ ಬಿಟ್ಟು ಹೋಗುವಂತಿಲ್ಲ. ಭಾವ ಫೋನು ತೆಗೆದು ಮೇಸ್ತ್ರಿಯನ್ನು ಕರೆದ. ಫೋನಿನಲ್ಲಿ ಬಯ್ಯಿಸಿಕೊಂಡ, ಬೇಡ ಅಂದಿರಲಿಲ್ಲವೇ ಎಂದು ಆ ಕಡೆಯಿಂದ ಗದರುವುದು ಅವನಿಗೂ ಕೇಳಿಸಿತು. ಬಯ್ಯಿಸಿಕೊಳ್ಳುತ್ತ ಭಾವ ಅವನ ಕಡೆಯೇ ನೋಡುತ್ತಿದ್ದ. ಮಧ್ಯಾಹ್ನ ಮೇಸ್ತ್ರಿ ಬಂದು, ಕಾಂಡಕ್ಕೆ ಎತ್ತರದಲ್ಲಿ ಕೇಬಲ್ ಸುತ್ತಿಸಿ, ಎಲ್ಲರನ್ನೂ ರಸ್ತೆಗೆ ಕಳಿಸಿ, ದೂರದಿಂದ ಎಳೆಸಿದ. ಮರ ನೇರವಾಗಿ, ಕಚ್ಚು ತೋರಿಸಿದ ದಿಕ್ಕಿಗೇ, ಎಲ್ಲಿಯೂ ಮುರಿಯದೆ ಬಿತ್ತು. ಭಾವ ಹೋಗಿ ಕೊಯ್ದ ಮುಖಕ್ಕೆ ಅಂಗೈ ಇಟ್ಟು, "ನೋಡು. ಒಳಗೆಲ್ಲ ಗಟ್ಟಿ" ಎಂದ. ಅವನು ನೋಡಿದ. ಗಟ್ಟಿಯೇ ಇತ್ತು. ಆಮೇಲೆ ಕತ್ತಲಾಗುವವರೆಗೂ ತುಂಡುಗಳನ್ನು ಹೊತ್ತು ಗಾಡಿಗೆ ತುಂಬಿದರು. ಭಾವ ಅವನೊಡನೆ ಮಾತಾಡಲಿಲ್ಲ, ಆದರೆ ಭಾರದ ತುಂಡು ಬಂದಾಗ ಒಂದು ಕಡೆ ತಾನೇ ಹಿಡಿದ.

ಕೊಳವೆಯ ಸಂದಿಯಿಂದ ಆ ಸಂಜೆಯೂ ಭಾವನ ಮಾತು ಬಂತು. "ನಿನ್ನೆದೂ ಹಾಗೇ ಇರ್ಬೇಕು ಬಿಡಿ. ಹತ್ತು ಸಲ ಹೊಡೆದ್ರೆ ಒಂದು ಸಲ ಕೊಂಬೆ ಬೀಳುತ್ತೆ. ಕತ್ತಲಲ್ಲಿ ಎಸೆದ ಕಲ್ಲು." ಮತ್ತೆ ನಗು. ಅಕ್ಕ ನಗಲಿಲ್ಲ, ಅಥವಾ ನಕ್ಕದ್ದು ಮೇಲೆ ಕೇಳಲಿಲ್ಲ. ಊಟಕ್ಕೆ ಕೂತಾಗ ಅತ್ತೆ ಮಗಳಿಗೆ, "ಅವರಿಗೆ ಸಾಕಂತಾ ಕೇಳು" ಎಂದಿದ್ದಳು. ಸಾಕು ಎಂದು ಅವನು ಹೆಂಡತಿಗೆ ಹೇಳಿದ್ದ. ಒಣ ಸೌದೆ ಚೆನ್ನಾಗಿ ಹತ್ತಿಕೊಂಡು ಕೊಳವೆ ಎಂದಿಗಿಂತ ಹೆಚ್ಚು ಬಿಸಿಯಾಗಿತ್ತು, ಕೈ ಇಡಲಾಗುತ್ತಿರಲಿಲ್ಲ. ಹೆಂಡತಿ ಅದರ ಪಕ್ಕ ನಿಂತು ಕಾಲುಚೀಲಗಳನ್ನು ತಂತಿಯಿಂದ ತೆಗೆದು ಜೋಡಿ ಮಾಡುತ್ತಿದ್ದಳು. ಬಹಳ ಹೊತ್ತು ಒಂದೇ ಜೋಡಿಯನ್ನು ಹಿಡಿದುಕೊಂಡಿದ್ದಳು.

"ಇವತ್ತು ನಿಜವಾಗ್ಲೂ ಏನಾದ್ರೂ ಕಂಡಿತ್ತಾ?"

"ಇಲ್ಲ."

"ಮತ್ತೆ ಯಾಕೆ ಹೊಡೆದ್ರಿ?"

"ಭಯ ಆಯ್ತು."

"ಯಾರಿಗೆ ಏನಾಗುತ್ತೆ ಅಂತ ಭಯ?"

"ನಿಮ್ಮಣ್ಣನಿಗೆ."

ಅವಳು ತಲೆ ತಗ್ಗಿಸಿದಳು. ಕೋಪವೋ ಕನಿಕರವೋ ಅವನಿಗೆ ತಿಳಿಯಲಿಲ್ಲ. "ಹೋಗ್ಲಿ ಬಿಡಿ" ಎಂದಳು. "ಅವರು ಏನು ಬೇಕಾದ್ರೂ ಅಂದ್ಕೊಳ್ಳಿ. ನಿನ್ನೆ ಹೊಡೆದ್ರಲ್ಲ, ನನಗೆ ಅಷ್ಟು ಸಾಕು."

ನಿನ್ನೆ ತಾನು ಹೊಡೆದಿರಲಿಲ್ಲ ಎಂದು ಅವನು ಅವಳಿಗೆ ಹೇಳಲಿಲ್ಲ.